ಬೇವು ಕಹಿ ಹತ್ತಿತ್ತು

ಬೇವಿನ ಎಲೆಗೆ ರೊಕ್ಕ ಬೀಳುವುದಿಲ್ಲ, ಭಾಲ್ಕಿ ತನಕ ಜೀಪಿಗೆ ಆರುನೂರು ರೂಪಾಯಿ, ಅಲ್ಲಿಂದ ಬೀದರಕ್ಕೆ ಆಂಬುಲೆನ್ಸು ಪುಕ್ಕಟೆ, ಮತ್ತೆ ಆ ಎರಡು ತಾಸು — ಅವನ್ನು ಯಾವ ಲೆಕ್ಕಕ್ಕೆ ಹಿಡಿಯಬೇಕೋ ಸಖುಬಾಯಿಗೆ ತಿಳಿಯದು, ದವಾಖಾನೆಯ ಬೆಂಚಿನ ಮೇಲೆ ಕೂತಿದ್ದಾಳೆ, ಫಿನಾಯಿಲಿನ ವಾಸನೆ, ಗಾಜಿನ ಬಾಗಿಲ ಆಚೆ ಸೊಸೆ ಮನಿಷಾ, ಮೊನ್ನೆ ಇದೇ ಹೊತ್ತಿಗೆ ಹುಡುಗಿ ಕುರಿಮರಿಗಳಿಗೆ ಹುಲ್ಲು ಕೊಯ್ಯುತ್ತಿದ್ದಳು, ಅತ್ತೀ, ಏನೋ ಕಚ್ಚಿತ್ರಿ, ಎಡಗೈಯ ಬೆರಳಿಗೆ, ಓಡಿ ಹೋಗಿ ಬೇವಿನ ಎಲೆ ತಂದು ಬಾಯಿಗೆ ಹಾಕಿದ್ದು ತಾನೇ, ಹ್ಯಾಂಗ ಹತ್ತತದ ಹೇಳವ್ವಾ, ಕಹಿ ಅದರಿ ಅತ್ತಿ, ಭಾಳ ಕಹಿ, ಅಷ್ಟಕ್ಕೆ ಎಲ್ಲರ ಎದೆ ಹಗುರಾಯಿತು, ಹಾವಿನ ವಿಷ ಏರಿದವರಿಗೆ ಬೇವು ಸಿಹಿ ಹತ್ತುತ್ತದೆ, ತಮ್ಮೂರು ಖಟಕ ಚಿಂಚೋಳಿಯಲ್ಲಿ ಇದು ಗೊತ್ತಿಲ್ಲದವರು ಯಾರು, ನೆರೆಮನೆಯ ಶಾಲುಬಾಯಿ ನಕ್ಕಳು, ಇಲಿ ಕಚ್ಚಿರಬೇಕ ಬಿಡ ಸಖೂ, ನಿನ್ನ ಸೊಸಿ ಭಾಳ ನಾಜೂಕ ಅದಾಳ — ಗೊತ್ತು ಅಂದರೆ ಏನು, ಕಂಡವರು ಯಾರು, ಅತ್ತೆ ಹೇಳಿದ್ದು, ಅತ್ತೆಗೆ ಅವರತ್ತೆ, ತಾನು ಕಣ್ಣಾರೆ ಕಂಡದ್ದು ಒಂದೇ ಸಲ, ಗಂಡ ಧೊಂಡಿಬಾನಿಗೆ ಹೊಲದಲ್ಲಿ ಕಚ್ಚಿದಾಗ, ಬೇವು ಕಹಿ ಅಂದ, ಉಳಿದ, ಆದರೆ ಕಚ್ಚಿದ್ದು ಹಾವೋ ಚೇಳೋ, ನೋಡಿದವರಿಲ್ಲ, ಆ ಒಂದರ ಮೇಲೆ ಮೂವತ್ತು ವರ್ಷ ಗೊತ್ತು ಗೊತ್ತು ಅಂತ ಕೂತದ್ದು. ಈ ದವಾಖಾನೆಯ ಜೇಬಾ ಡಾಕ್ಟರು ಇದನ್ನು ಕೇಳಿ ಬೈಯಲೂ ಇಲ್ಲ, ಬೇವು ಎಲ್ಲರಿಗೂ ಕಹಿನೇ ಅಮ್ಮಾ, ವಿಷ ಏರಿದವರಿಗೂ, ಬೈದಿದ್ದರೆ ಚೆನ್ನಾಗಿತ್ತು, ಮೊನ್ನೆ ಕಚ್ಚಿದ ಎರಡು ತಾಸಿನ ಮೇಲೆ ಹುಡುಗಿಯ ರೆಪ್ಪೆ ಜೋತು ಬಿದ್ದವು, ನಿದ್ದಿ ಬಂದದ, ಮಲಗಲಿ ಬಿಡ, ಮತ್ತೆ ಶಾಲುಬಾಯಿಯೇ, ಆದರೆ ನಲವತ್ತು ವರ್ಷ ಕುರಿಗಳ ರೆಪ್ಪೆ ಎಳೆದೆಳೆದು ರೋಗ ನೋಡಿದ ಕೈ ಇದು, ನಿದ್ದೆಯ ರೆಪ್ಪೆ ಹೀಗೆ ಬೀಳುವುದಿಲ್ಲ, ಯಾರೂ ಹೇಳಿಕೊಟ್ಟದ್ದಲ್ಲ, ಸುಮ್ನಿರ ಶಾಲು, ಇದು ನಿದ್ದಿ ಅಲ್ಲ, ಜೀಪ್ ತರಸ್ರಿ ಅಂತ ಕಿರುಚಿದ್ದೂ ತಾನೇ, ಬೇವಿನದೂ ಗೊತ್ತು, ರೆಪ್ಪೆಯದೂ ಗೊತ್ತು, ಎರಡಕ್ಕೂ ಒಂದೇ ಮಾತು ಯಾಕೆ, ಔರಾದದಿಂದ ಬೀಗರು ಬರುತ್ತಿದ್ದಾರೆ, ಮಗ ಕಾಶೀನಾಥ ಕರೆತರಲು ಬಸ್ ಸ್ಟ್ಯಾಂಡಿಗೆ ಹೋಗಿದ್ದಾನೆ, ಅವರ ಮುಂದೆ ಏನಂತ ಬಾಯಿ ತೆರೆಯುವುದು — ಬಾಗಿಲು ತೆರೆಯಿತು, ಜೇಬಾ ಡಾಕ್ಟರು, ಕಣ್ಣು ಬಿಟ್ಟಾಳ ಅಮ್ಮಾ, ಉಸಿರು ತಾನೇ ತಗೊಳ್ಳಾಕತ್ತಾಳ, ಜೀವಕ್ಕ ಭಯ ಇಲ್ಲ, ಬೆರಳು ಮಾತ್ರ ತೆಗೀಬೇಕಾಗ್ತದ, ಲಗೂ ಬಂದಿದ್ರ ಉಳೀತಿತ್ತೇನೋ, ಒಳಗೆ ಹೋದರೆ ಬಿಳಿ ಹಾಸಿಗೆ, ಅತ್ತೀ ಊಟ ಮಾಡೀರೇನ್ರಿ ಅಂತ ಹುಡುಗಿ ಕೇಳುತ್ತಾಳೆ, ಸೊಸೆ ಉಳಿದಳು, ಬೆರಳು ಉಳಿಯದು, ಹಾಸಿಗೆಯ ಮೇಲೆ ಚಾಚಿದ ಎಡಗೈ, ಹೆಬ್ಬೆರಳ ಪಕ್ಕದ ಬೆರಳು, ಕಪ್ಪು, ಉಗುರಿನ ತನಕ ಕಪ್ಪು.