ಹೋಗದ ಎಚ್ಚರಿಕೆ

ಅವಳು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸಕ್ಕಿದ್ದಳು. ಅವಳ ಅಣ್ಣ ಕೆಳಗಿನ ಮಹಡಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಮನೆ ಒಂದೇ, ದಿನದ ಜಗಳವೂ ಒಂದೇ.

"ಮೆಷಿನ್ನು ರಿಪೋರ್ಟ್ ಉಗುಳಿ ಯಾವ ಕಾಲ ಆಯ್ತು! ವಾರ್ಡಿನ ಪರದೆ ಮೇಲೆ ಇನ್ನೂ ಬಂದಿಲ್ಲ. ನಿಮ್ಮ ಕಂಪ್ಯೂಟರೇನು ಬಸುರಿ ಆನೆನಾ?" ಎಂದು ಅಣ್ಣ ರೇಗಿಸುತ್ತಿದ್ದ. ನರ್ಸುಗಳು ಫೋನು ಮಾಡಿ ಬೈಯುತ್ತಿದ್ದದ್ದು ಅವನನ್ನೇ.

ಅವಳು ಕೂತು ನೋಡಿದಳು. ಹಳೆಯ ಪ್ರೋಗ್ರಾಂ ಓಆರ್‌ಎಂ ಎಂಬ, ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಲ್ಲುವ ತಂತ್ರಾಂಶದ ಮೂಲಕ ಒಂದು ಫಲಿತಾಂಶವನ್ನು ಉಳಿಸಿ, ಡೇಟಾಬೇಸಿನಿಂದ ಉತ್ತರ ಬರುವ ತನಕ ಕಾದು, ಆಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳುತ್ತಿತ್ತು. ಲೋಡುಗಟ್ಟಲೆ ಇಟ್ಟಿಗೆಯನ್ನು ಒಂದೊಂದಾಗಿ ಹೊತ್ತ ಹಾಗೆ. ಅವಳು ಫಲಿತಾಂಶಗಳನ್ನು ಕಂತೆ ಕಟ್ಟಿ, ಒಂದೇ ಏಟಿಗೆ ಡೇಟಾಬೇಸಿಗೆ ಸೇರುವಂತೆ ಬರೆದಳು. ಬೆಳಗಿನ ಹೊತ್ತೆಲ್ಲ ತೆವಳುತ್ತಿದ್ದ ಕೆಲಸ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಅಣ್ಣ ಮೆಟ್ಟಿಲು ಹತ್ತಿ ಬಂದು, ಎಲ್ಲರೆದುರು ಬೆನ್ನು ತಟ್ಟಿ, "ಯಾರ ತಂಗಿ ಹೇಳಿ!" ಎಂದ.

ಆದರೆ ಹಳೆಯ ಪ್ರೋಗ್ರಾಮಿನಲ್ಲಿ, ಒಂದೊಂದನ್ನೇ ಉಳಿಸುವ ಆ ಜಾಗದಲ್ಲಿ, ಇನ್ನೊಂದು ಕೆಲಸವೂ ಸೇರಿಕೊಂಡಿತ್ತು. ಯಾವುದಾದರೂ ಫಲಿತಾಂಶ ಪ್ರಾಣಕ್ಕೆ ಅಪಾಯ ಅನ್ನುವ ಮಟ್ಟದಲ್ಲಿದ್ದರೆ, ಅದನ್ನು ಉಳಿಸಿದ ಕೂಡಲೇ ವಾರ್ಡಿನ ಡಾಕ್ಟರ ಫೋನಿಗೆ ಎಚ್ಚರಿಕೆ ಹೋಗುತ್ತಿತ್ತು. ಕಂತೆಯಾಗಿ ಸೇರಿಸಿದರೆ ಓಆರ್‌ಎಂ ಆ ಜಾಗದ ಕಡೆ ತಲೆಯೇ ಹಾಕುವುದಿಲ್ಲ. ಅದು ಅವಳಿಗೆ ಗೊತ್ತಿದ್ದ ಸಂಗತಿಯೇ. ಅಲ್ಲಿ ಏನಿದೆ ಎಂದು ಮಾತ್ರ ಅವಳು ತೆರೆದು ನೋಡಿರಲಿಲ್ಲ.

ಆ ವಾರ ಕಿಡ್ನಿ ಕಾಯಿಲೆಯ ಹೆಂಗಸೊಬ್ಬಳು ವಾರ್ಡಿಗೆ ಸೇರಿದಳು. ಹತ್ತಿರದ ಬೀದಿಯ ದರ್ಜಿಯ ಹೆಂಡತಿ. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತು. ಫಲಿತಾಂಶ ಪರದೆಗೆ ಬೇಗನೇ ಬಂತು, ಎಚ್ಚರಿಕೆ ಹೋಗಲಿಲ್ಲ. ಯಾರಾದರೂ ಪರದೆ ನೋಡುವ ಮೊದಲೇ ಅವಳ ಹೃದಯ ನಿಂತುಹೋಯಿತು.

ಗೂಬೆ ಕೂರಿಸಿದ್ದು ಅಣ್ಣನ ತಲೆಯ ಮೇಲೆ. ಅಂಥ ಫಲಿತಾಂಶ ಬಂದರೆ ಲ್ಯಾಬಿನವರು ಫೋನೂ ಮಾಡಬೇಕೆಂಬ ನಿಯಮವಿತ್ತು. ಎಚ್ಚರಿಕೆ ತಾನಾಗಿಯೇ ಹೋಗುತ್ತದಲ್ಲ ಎಂದು ವರ್ಷಗಳಿಂದ ಯಾರೂ ಮಾಡುತ್ತಿರಲಿಲ್ಲ. ಅವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಎಚ್ಚರಿಕೆ ಯಾಕೆ ಹೋಗಲಿಲ್ಲ ಎಂದು ಹುಡುಕಿದ ಅವಳಿಗೆ ಕಂಡದ್ದು ತಾನೇ ಮಾಡಿದ ಬದಲಾವಣೆ. ಮೊದಲು ಅಣ್ಣನಿಗೆ ಹೇಳಿದಳು. ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿದ.

"ಬಾಯಿ ಮುಚ್ಕೊಂಡಿರು. ಮನೇಲಿ ಒಬ್ಬರ ಕೆಲಸ ಹೋಗಿದ್ದು ಸಾಕು."

"ಇದು ನಿನ್ನ ತಪ್ಪಲ್ಲ ಕಣಣ್ಣಾ."

"ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ. ಅಷ್ಟು ನಂದೇ."

ಅವಳು ಅವನ ಮಾತು ಕೇಳಲಿಲ್ಲ. ಹೋಗಿ ಮೇಲಧಿಕಾರಿಗೆ ಎಲ್ಲ ಹೇಳಿದಳು. ಕಂತೆ ಸೇರಿದ ಕೂಡಲೇ ಅಪಾಯದ ಫಲಿತಾಂಶಗಳನ್ನು ಬೇರೆ ಆರಿಸಿ ಎಚ್ಚರಿಕೆ ಕಳಿಸುವಂತೆ ಪ್ರೋಗ್ರಾಂ ತಿದ್ದಿದಳು. ಹತ್ತೇ ಸಾಲು ಸಾಕಾಯಿತು, ವೇಗ ಚೂರೂ ತಗ್ಗಲಿಲ್ಲ. ಛೀಮಾರಿ ಹಾಕಿ ಅವಳನ್ನು ಉಳಿಸಿಕೊಂಡರು, ಅಣ್ಣನನ್ನೂ ವಾಪಸು ಕರೆದರು. ಅವನು ಹೋಗಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡ.

ಒಂದು ಮಧ್ಯಾಹ್ನ ಅವಳು ದರ್ಜಿಯ ಅಂಗಡಿಗೆ ಹೋದಳು. ಅವನು ಕುಪ್ಪಸವೊಂದರ ಹೊಲಿಗೆ ಬಿಚ್ಚುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ.

"ಆ ಎಚ್ಚರಿಕೆ ಹೋಗಿದ್ದಿದ್ರೆ ಉಳ್ಕೊತಿದ್ಲಾ?"

"ಉಳ್ಕೊತಿದ್ರು ಅನ್ಸುತ್ತೆ."

"ನೀವು ಹೇಳದೇ ಇದ್ದಿದ್ರೆ ಚೆನ್ನಾಗಿತ್ತಮ್ಮ," ಎಂದ ಅವನು, ಸಿಟ್ಟಿಲ್ಲದೆ. "ಅವಳ ಹಣೇಲಿ ಬರೆದಿದ್ದೇ ಇಷ್ಟು ಅಂತ ಹೇಗೋ ಸಮಾಧಾನ ಮಾಡ್ಕೊಂಡಿದ್ದೆ. ಈಗ ಅದೂ ಇಲ್ಲ."

ಅವಳು ಮನೆಗೆ ಬಂದು ಈ ಮಾತನ್ನು ಅಣ್ಣನಿಗೆ ಹೇಳಿದಳು. ಅವನು ಪಕ್ಕದಲ್ಲಿ ಬಂದು ಕೂತ. ಇಷ್ಟು ದಿನ ಬಾರದ ಅಳು ಅವಳಿಗೆ ಆಗ ಬಂತು.