ಸದ್ದಿಲ್ಲದ ಡಿಸ್ಕು

ನಮ್ಮಣ್ಣ ಸಾಮಾನು ಕೊಳ್ಳುವುದು ಕಿವಿಯಿಂದ. ಗಡಿಯಾರವನ್ನು ಕಿವಿಗೆ ಹಿಡಿದು ನೋಡುತ್ತಾನೆ. ಕುರ್ಚಿಯಾದರೆ ಕೂತು ನಾಲ್ಕು ಸಲ ಮಿಸುಕಾಡಿ, ಕಿರುಗುಟ್ಟಿದರೆ ಎದ್ದು ಬರುತ್ತಾನೆ. ಅವನದೂ ತಪ್ಪಲ್ಲ ಅನ್ನಿ, ನಮ್ಮದು ಧ್ವನಿಮುದ್ರಣದ ಮನೆ. ಹಿಂದಿನ ಕೋಣೆಯ ಗೋಡೆಗಳಿಗೆ ಹಳೇ ಹಾಸಿಗೆ, ಕಂಬಳಿ ಬಡಿದು ಅದನ್ನೇ ಸ್ಟುಡಿಯೋ ಎನ್ನುತ್ತೇವೆ. ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಮುದ್ರಿಸುವುದು ನಮ್ಮ ಕೆಲಸ. ಓದುವವರು ಸೋದರತ್ತೆ, ಮುದ್ರಿಸುವವನು ಅಣ್ಣ. ಕೆಮ್ಮು, ತಡವರಿಕೆ, ಪುಟ ತಿರುಗಿಸಿದ ಸದ್ದು ಇವನ್ನೆಲ್ಲ ಕತ್ತರಿಸಿ ಎಸೆಯುವವಳು ನಾನು. ಅದಕ್ಕೇ ಅತ್ತೆ ನನ್ನನ್ನು ಕರೆಯುವುದು 'ಕತ್ತರಿ' ಅಂತ. ಅದು ನನ್ನ ನಾಲಿಗೆ ನೋಡಿ ಇಟ್ಟ ಹೆಸರು ಎನ್ನುತ್ತಾನೆ ಅಣ್ಣ. ಅನ್ನಲಿ ಬಿಡಿ.

ನಮ್ಮಲ್ಲೊಂದು ಪದ್ಧತಿಯಿದೆ. ಮೈಕು ಹಾಕುವ ಮೊದಲು ಅಡುಗೆಮನೆಯ ಫ್ರಿಜ್ ಆಫ್ ಮಾಡಬೇಕು, ಅದರ ಗುಂಯ್‌ಗುಡುವಿಕೆ ಗೋಡೆ ದಾಟಿ ಬರುತ್ತದೆ. ಆಮೇಲೆ ಹಾಕಲು ಮರೆಯಬಾರದಲ್ಲ, ಅದಕ್ಕೆ ಮನೆಯ ಬೀಗದ ಕೈಯನ್ನು ಫ್ರಿಜ್ಜಿನೊಳಗೇ ಇಡುತ್ತೇವೆ. ಫ್ರಿಜ್ ತೆರೆಯದೆ ಯಾರೂ ಹೊರಗೆ ಹೋಗುವಂತಿಲ್ಲ. ಈ ಪದ್ಧತಿ ಅತ್ತೆಯದು.

ಅದೇ ಅತ್ತೆಗೆ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಪಿಸುಮಾತಷ್ಟೇ, ಅದೂ ಪಕ್ಕದಲ್ಲಿ ಕೂತರೆ ಮಾತ್ರ ಕೇಳುತ್ತದೆ. ಆಸ್ಪತ್ರೆಗೆ ಹೋಗುವ ಮುಂಚೆ ಹಟ ಹಿಡಿದು ಒಂದು ದಪ್ಪ ಕಾದಂಬರಿಯನ್ನು ಓದಿ ಮುಗಿಸಿದ್ದರು. ಅದರ ಸಂಕಲನ ಆಸ್ಪತ್ರೆಯ ಓಡಾಟದಲ್ಲಿ ನಿಂತೇ ಹೋಗಿತ್ತು. ಆ ಓದು ಇದ್ದದ್ದು ಒಂದೇ ಒಂದು ಕಡೆ, ನಮ್ಮ ಹಳೇ ಹಾರ್ಡ್ ಡಿಸ್ಕಿನಲ್ಲಿ. ಅತ್ತೆ ಇನ್ನೊಮ್ಮೆ ಓದಲಾರರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೀಗಿರುವಾಗ ಆ ಡಿಸ್ಕು ಕಟಕಟ ಎನ್ನಲು ಶುರುಮಾಡಿತು.

"ಎಸ್‌ಎಸ್‌ಡಿ ತರೋಣ," ಎಂದೆ. "ದೊಡ್ಡದು. ಒಳಗೆ ತಿರುಗೋ ತಟ್ಟೆ ಇರಲ್ಲ, ಎಲ್ಲಾ ಚಿಪ್‌ನಲ್ಲೇ. ಅಂಗಡಿಗೆ ಹೋಗಿ, ನಾಲ್ಕು ಮಾತು ಕೇಳಿ ತರೋಣ."

"ಹೋಗೋದ್ಯಾಕೆ? ಆರ್ಡರ್ ಮಾಡಿ ಆಯ್ತು," ಎಂದ ಅಣ್ಣ.

ಬಂದಿತು ನೋಡಿ, ಬೆಂಕಿಪೊಟ್ಟಣದಷ್ಟು ಡಬ್ಬಿ! ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಜಾಗ ಮಾತ್ರ ಊರಿನ ಪುಸ್ತಕವನ್ನೆಲ್ಲ ಓದಿ ತುಂಬಿಸಿದರೂ ಮಿಗುವಷ್ಟು. ಬೆಲೆ ಒಂದು ಜೊತೆ ಚಪ್ಪಲಿಯದು. "ಅಣ್ಣ, ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡದು ಹೇಗೆ ಬರತ್ತೆ?" ಎಂದರೆ, ಅವನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಕಿವಿಗೆ ಹಿಡಿದು, ಕಣ್ಣು ಮುಚ್ಚಿದ. "ಆಹಾ! ಒಂಚೂರೂ ಸದ್ದಿಲ್ಲ ಕಣೇ. ಇದಕ್ಕಿಂತ ಇನ್ನೇನು ಬೇಕು?"

ಎಲ್ಲವನ್ನೂ ಕಾಪಿ ಮಾಡಿದ. ಮೊದಲ ಅಧ್ಯಾಯ ಹಾಕಿ ಕೇಳಿಸಿದ, ಚೆನ್ನಾಗಿತ್ತು. ಆದರೂ ನನಗೆ ಸಮಾಧಾನವಿಲ್ಲ. ಮರುದಿನ ಬೆಳಗ್ಗೆ ಅದೇ ವಿಷಯಕ್ಕೆ ಇಬ್ಬರಿಗೂ ಜಗಳ ಹತ್ತಿತು. ಅತ್ತೆ ಬಾಗಿಲಲ್ಲಿ ನಿಂತು ಕೈ ಎತ್ತಿ ಏನೋ ಹೇಳಲು ನೋಡಿದರು, ಆಮೇಲೆ ಗಂಟಲು ತೋರಿಸಿಕೊಂಡು ಬರಲು ಆಸ್ಪತ್ರೆಗೆ ಹೊರಟುಹೋದರು. ನಮ್ಮ ಗಲಾಟೆಯಲ್ಲಿ ಅವರತ್ತ ನೋಡಿದವರಾರು?

ಅವರು ಹೋದ ಮೇಲೆ ಸಂಕಲನಕ್ಕೆ ಕೂತೆ. ಕೊನೆಯ ಅಧ್ಯಾಯ ತೆರೆದರೆ ಪರದೆಯ ಮೇಲೆ ಉದ್ದಕ್ಕೆ ಒಂದು ಗೆರೆ. ಧ್ವನಿಯಿದ್ದರೆ ಆ ಗೆರೆ ಏರಿಳಿಯಬೇಕು. ಅದರ ಹಿಂದಿನದನ್ನು ತೆರೆದೆ, ಗೆರೆ. ಅದಕ್ಕೂ ಹಿಂದಿನದು, ಗೆರೆಯೇ. ಫೈಲುಗಳ ಹೆಸರೆಲ್ಲ ಸಾಲಾಗಿ ನಿಂತಿವೆ, ಒಳಗೆ ಅತ್ತೆ ಇಲ್ಲ.

"ಅಣ್ಣ! ಹಳೇ ಡಿಸ್ಕ್ ಎಲ್ಲಿ?"

ಅವನ ಮುಖ ಬಿಳಿಚಿಕೊಂಡಿತು. "ಹಳೇ ಎಲೆಕ್ಟ್ರಾನಿಕ್ ಸಾಮಾನು ಒಯ್ಯೋ ಗಾಡಿ ಬಂದಿತ್ತಲ್ಲ... ವೈರುಗಳ ಚೀಲಕ್ಕೆ ನಿನ್ನೇನೇ ಹಾಕಿದ್ದೆ... ಬೆಳಗ್ಗೇನೇ ಕೊಟ್ಟುಬಿಟ್ಟೆ."

ಗಾಡಿಯವರಿಗೆ ಫೋನ್ ಮಾಡಿದ. ಚೀಲವನ್ನು ಯಂತ್ರಕ್ಕೆ ಸುರಿದು ಪುಡಿ ಮಾಡಿ ಆಯಿತು ಎಂದರು. ನಾನು ಬಾಯಿಗೆ ಬಂದಂತೆ ಬೈದೆ. ಕಿವಿ ಒಂದಿದ್ದರೆ ಸಾಕೇನೋ, ಅದರ ಮಧ್ಯೆ ತಲೆ ಬೇಡವೇನೋ ಎಂದೆ. ಅವನು ಪಕ್ಕದಲ್ಲೇ ಕೂತು ಒಂದೊಂದೇ ಫೈಲು ತೆರೆದು ನೋಡತೊಡಗಿದ. ಬೈದು ಬೈದು ನನಗೇ ಅಳು ಬಂತು. ಅತ್ತೆಯ ಧ್ವನಿಯನ್ನು ನಾವೇ ಕೈಯಾರೆ ಕಳೆದುಬಿಟ್ಟೆವಲ್ಲ!

ಅತ್ತೆ ಬಂದದ್ದು ಆಗಲೇ. ನಮ್ಮಿಬ್ಬರ ಮುಖ ನೋಡಿದರು, ಪರದೆಯ ಗೆರೆ ನೋಡಿದರು. ಯಾರೂ ವಿವರಿಸಬೇಕಾಗಲಿಲ್ಲ. ಚಪ್ಪಲಿ ಬಿಟ್ಟು, ಅಣ್ಣನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಹೋಗಿ ಫ್ರಿಜ್ ಆಫ್ ಮಾಡು."

"ಅತ್ತೆ, ಬೇಡ," ಎಂದೆ. ಈ ಗಂಟಲಿನಲ್ಲಿ ಇವರು ಮತ್ತೆ ಮೊದಲಿನಿಂದ ಓದಲು ಹೊರಟಿದ್ದಾರೆ ಎಂದುಕೊಂಡು ನನಗೆ ಇನ್ನೂ ಅಳು ಹೆಚ್ಚಾಯಿತು. ಅವರು ಬೆರಳಿನಿಂದ ಅಡುಗೆಮನೆ ತೋರಿಸಿದರು. ಅಣ್ಣ ಎದ್ದು ಹೋದ. ಸ್ವಿಚ್ ಒತ್ತಿದ ಸದ್ದು, ಬಾಗಿಲು ತೆರೆದ ಸದ್ದು. ಆಮೇಲೆ "ಅಯ್ಯೋ!" ಎಂಬ ಕೂಗು.

ಒಂದು ಕೈಯಲ್ಲಿ ಒಳಗಿಡಲು ಒಯ್ದಿದ್ದ ಬೀಗದ ಕೈ, ಇನ್ನೊಂದರಲ್ಲಿ ಬಿಗಿ ಮುಚ್ಚಳದ ಡಬ್ಬಿ ಹಿಡಿದು ಓಡಿ ಬಂದ. ಡಬ್ಬಿಯೊಳಗೆ, ಬಟ್ಟೆಯಲ್ಲಿ ಸುತ್ತಿದ ಹಳೇ ಡಿಸ್ಕು!

ಅತ್ತೆ ಪಿಸುಗುಟ್ಟಿದರು: "ನಮ್ಮನೇಲಿ ಮರೀಬಾರದ್ದನ್ನ ಎಲ್ಲಿಡ್ತೀವಿ? ಪೂರ್ತಿ ಕೇಳದೆ ಯಾರಾದ್ರೂ ಮೂಲ ಕೊಟ್ಟುಬಿಡ್ತಾರೇನೋ, ಪೆದ್ದ? ನಿನ್ನೇನೇ ಚೀಲದಿಂದ ತೆಗೆದಿಟ್ಟೆ. ಬೆಳಗ್ಗೆ ಹೇಳೋಣ ಅಂದ್ರೆ ನೀವಿಬ್ರೂ ಕಚ್ಚಾಡ್ತಿದ್ರಿ. ಈ ಗಂಟಲಲ್ಲಿ ಕೂಗೋದು ಹ್ಯಾಗೆ?"

ನನಗೆ ನಗುವೋ ಅಳುವೋ ತಿಳಿಯದೆ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಅಣ್ಣ ಆಗಲೇ ಡಿಸ್ಕಿಗೆ ವೈರು ಹುಡುಕುತ್ತಿದ್ದ. ಅವನ ಕೈಮೇಲೆ ಒಂದು ಕೊಟ್ಟೆ. ತಣ್ಣಗಿರುವುದಕ್ಕೆ ಕರೆಂಟು ಕೊಟ್ಟರೆ ಒಳಗೆ ಪಸೆ ಕೂತು ಇದ್ದದ್ದೂ ಹೋದೀತು. ಅದು ಡಬ್ಬಿಯಲ್ಲೇ ಮೇಜಿನ ಮೇಲಿರಲಿ, ಬಿಸುಪು ಬರಲಿ, ಅಷ್ಟರಲ್ಲಿ ಅಂಗಡಿಗೆ ನಡಿ ಎಂದು ಹೊರಡಿಸಿದೆ.

ಕಂಪ್ಯೂಟರ್ ಅಂಗಡಿಯಾಕೆ ನಮ್ಮ ಬೆಂಕಿಪೊಟ್ಟಣವನ್ನು ನೋಡಿದ್ದೇ ನಕ್ಕರು. "ಇದರೊಳಗೆ ಇರೋದು ಚಿಟಿಕೆಯಷ್ಟು ಜಾಗ. ಕಂಪ್ಯೂಟರಿಗೆ ಮಾತ್ರ ಬೆಟ್ಟದಷ್ಟಿದೆ ಅಂತ ಸುಳ್ಳು ಹೇಳತ್ತೆ. ತುಂಬಿದ ಮೇಲೆ ಹಾಕಿದ್ದೆಲ್ಲಾ ಬರೀ ಹೆಸರು." ಆಮೇಲೆ ಗಾಜಿನ ಪೆಟ್ಟಿಗೆಯಿಂದ ಒಂದಷ್ಟು ತೆಗೆದಿಟ್ಟು, "ಈಗಿರೋ ಫೈಲು ಎಷ್ಟೋ ಅದರ ಎರಡರಷ್ಟು ಜಾಗ ಇರೋದನ್ನ ತಗೊಳ್ಳಿ. ತಯಾರಿಸಿದವರ ಹೆಸರು, ವಾರಂಟಿ ನೋಡಿ. ಅವಸರದ ವೇಗ ನಿಮಗೆ ಬೇಕಿಲ್ಲ. ಆದ್ರೆ ಒಂದಲ್ಲ, ಎರಡು ತಗೊಳ್ಳಿ, ಒಂದನ್ನ ಬೇರೆ ಮನೇಲಿಡಿ," ಎಂದರು.

ಅಣ್ಣ ಒಂದನ್ನೆತ್ತಿ ಕಿವಿಗೆ ಹಿಡಿದ.

"ಸರ್, ಯಾವ ಎಸ್‌ಎಸ್‌ಡಿನೂ ಸದ್ದು ಮಾಡಲ್ಲ. ಮಾವಿನಹಣ್ಣು ಮೂಸಿದ ಹಾಗೆ ಇದನ್ನ ಆರಿಸೋಕಾಗಲ್ಲ," ಎಂದರು ಆಕೆ. ಅಣ್ಣ ಕೆಂಪಾಗಿ ಕೆಳಗಿಟ್ಟ. ನಾನು ಅವನನ್ನು ಹಂಗಿಸಲಿಲ್ಲ. ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಗಿತ್ತು.

ಮನೆಗೆ ಬಂದು ಹಳೇ ಡಿಸ್ಕು ಸಿಕ್ಕಿಸಿದೆವು. ಕಟಕಟ ಎಂದಿತು, ನಿಂತಿತು, ಮತ್ತೆ ಗುಂಯ್‌ಗುಟ್ಟಿತು. ಆ ದರಿದ್ರ ಸದ್ದು ಅಷ್ಟು ಹಿತವಾಗಿ ಎಂದೂ ಕೇಳಿರಲಿಲ್ಲ. ಕಾದಂಬರಿಯನ್ನೇ ಮೊದಲು ಎಳೆದುಕೊಂಡೆವು. ಸಂಜೆಯ ಹೊತ್ತಿಗೆ ಎರಡು ಹೊಸ ಡಿಸ್ಕುಗಳಲ್ಲೂ ಅದು ಕೂತಿತ್ತು. ಹಳೆಯದನ್ನು ಬಿಚ್ಚಿಟ್ಟು, ಹೊಸದರಿಂದಲೇ ಕೊನೆಯ ಅಧ್ಯಾಯ ತೆರೆದೆ. ಪರದೆಯ ತುಂಬ ಏರು, ಇಳಿವು. ಅಬ್ಬಾ!

ಮೂವರೂ ಕೂತು ಕೇಳಿದೆವು. ಅತ್ತೆಯ ತುಂಬುಕಂಠ ಕೋಣೆಯನ್ನೆಲ್ಲ ತುಂಬಿಕೊಂಡಿತು. ಅತ್ತೆ ಕಣ್ಣು ಮುಚ್ಚಿ, ಯಾರೋ ಬಲ್ಲವರ ಓದು ಕೇಳುವ ಹಾಗೆ ತಲೆದೂಗುತ್ತಿದ್ದರು. ಕೊನೆಯ ವಾಕ್ಯ ಮುಗಿಯಿತು. ಪುಸ್ತಕ ಮುಚ್ಚಿದ ಸದ್ದು. ಪ್ರತಿಸಲ ನಾನು ಕತ್ತರಿಸಿ ಎಸೆಯುವ ತುಣುಕು ಅದರ ಹಿಂದೆಯೇ ಬಂತು, ಅತ್ತೆಯ ಹಳೆಯ ಗದರಿಕೆ, ಗೋಡೆ ನಡುಗುವ ಹಾಗೆ:

"ಕೂತಿದ್ದು ಸಾಕು, ಹೋಗಿ ಫ್ರಿಜ್ ಹಾಕ್ರೋ! ಹಾಲು ಒಡೆದೋಗತ್ತೆ!"

ಅಣ್ಣ ಹಾರಿಬಿದ್ದ. ಬೀಗದ ಕೈ ಒಳಗಿಡದೆ, ಜೇಬಿನಲ್ಲೇ ಹಾಕಿಕೊಂಡು ಅಂಗಡಿಗೆ ಓಡಿದ್ದೆವಲ್ಲ! ಫ್ರಿಜ್ಜಿನ ಕೆಳಗಿಂದ ನೀರು ಹರಿದು ಹೊಸ್ತಿಲು ಮುಟ್ಟಿತ್ತು. ಹಾಲಂತೂ ಒಡೆದುಹೋಗಿತ್ತು. ಅವನು ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದರೆ ಅತ್ತೆ ಭುಜ ಕುಲುಕಿಸಿ, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ತೋಳು ಜಗ್ಗಿ ಹತ್ತಿರ ಎಳೆದುಕೊಂಡರು.

"ಕತ್ತರಿ, ಆ ಬೈಗುಳ ಇನ್ನೊಂದ್ಸಲ ಹಾಕೇ," ಎಂದರು.