ಜಾಣಮರಿ ಪೊಟ್ಟಣ

ನಾನು ದುಂಡಗಿದ್ದು ನಡುವೆ ಒಂದು ತೂತಿದ್ದಿದ್ದರೆ ನನ್ನ ಗಂಡ ಜಿನ್‌ಫು ನನ್ನನ್ನೂ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದನೋ ಏನೋ. ಅವನ ಪ್ರೀತಿಯೆಲ್ಲ ಕರೋಕೆ ಡಿಸ್ಕುಗಳಿಗೆ. ನಮ್ಮೂರು ತೈನಾನ್‌ನ ತೇವಕ್ಕೆ ಬೂಷ್ಟು ಹಿಡಿಯಬಾರದೆಂದು ಅವಕ್ಕೆ ಕರೆಂಟಿನ ಒಣಪೆಟ್ಟಿಗೆ. ಹಾಡುವವಳು ನಾನು, ನನ್ನ ಮಿಂಚಿನ ಗೌನುಗಳಿಗೆ ಮಂಚದ ಕೆಳಗೆ ಜಾಗ. ಕಾರ್ಯಕ್ರಮಕ್ಕೆ ಹೊರಟರೆ ಡಿಸ್ಕಿನ ಪೆಟ್ಟಿಗೆ ಲಾರಿಯ ಮುಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂರುತ್ತದೆ, ನಾನು ಹಿಂದೆ ಸ್ಪೀಕರ್‌ಗಳ ಜೊತೆ.

ಪೆಟ್ಟಿಗೆಯ ಮೇಲೆ ಯಾವಾಗಲೂ ಕುರುಕಲು ತಿಂಡಿಯ ಒಂದು ಹಸಿರು ಪೊಟ್ಟಣ. ಅದರ ಹೆಸರಿನ ಅರ್ಥವೇ ಜಾಣಮರಿ. ಅದಿದ್ದರೆ ಯಾವ ಮಶೀನೂ ಹಟ ಮಾಡುವುದಿಲ್ಲವೆಂದು ನಮ್ಮ ಕಡೆಯ ನಂಬಿಕೆ. ಹಸಿರೇ ಆಗಬೇಕು, ತಾಜಾ ಇರಬೇಕು, ಯಾರೂ ತಿನ್ನಬಾರದು.

ಮೊನ್ನೆ ಮದುವೆಯೂಟದಲ್ಲಿ ನಾನು ಮೇಲಿನ ಸ್ವರಕ್ಕೆ ಬಾಯಿ ತೆರೆದಾಗಲೇ ಹಾಡು ಟಕ್ ಟಕ್ ಎಂದು ಒಂದೇ ಕಡೆ ಸಿಕ್ಕಿಕೊಂಡಿತು. ಜಿನ್‌ಫು ಡಿಸ್ಕು ನೋಡಲಿಲ್ಲ, ಪೊಟ್ಟಣ ನೋಡಿದ. ಖಾಲಿ.

"ಯಾವನೋ ಇದನ್ನ ತಿಂದಿದ್ದು?" ಎಂದು ನನ್ನ ಮೈಕು ಕಿತ್ತುಕೊಂಡು ಕೂಗಿದ.

ಮದುಮಗನ ತಾತ ತುಟಿಯ ಪುಡಿ ಒರೆಸಿಕೊಂಡರು. "ನಾನೇ ಕಣಯ್ಯಾ. ಡಾಕ್ಟ್ರು ನನ್ನೆದೆಯೊಳಗೂ ಒಂದು ಮಶೀನು ಇಟ್ಟವ್ರೆ. ನಿಂದು ಕೆಟ್ರೆ ಹಾಡು ನಿಂತೋಯ್ತದೆ. ನಂದು ಕೆಟ್ರೆ?"

ಜಿನ್‌ಫು ಅಂಗಡಿಗೆ ಓಡಿ ಎರಡು ಪೊಟ್ಟಣ ತಂದ. ಒಂದು ಪೆಟ್ಟಿಗೆಯ ಮೇಲೆ, ಇನ್ನೊಂದು ತಾತನ ಜೇಬಿಗೆ. "ತಿನ್ಬಾರ್ದು ತಾತ, ಇಟ್ಕೋಬೇಕು!"

ನನಗೆ ತರಲಿಲ್ಲ. ನಾನು ಹಟ ಮಾಡುವವಳಲ್ಲ ಎಂಬ ಧೈರ್ಯ ಅವನಿಗೆ. ಮರಳುವಾಗ ಪೆಟ್ಟಿಗೆಯನ್ನು ಹಿಂದಕ್ಕೆ ತಳ್ಳಿ, ಮುಂದಿನ ಸೀಟಿನಲ್ಲಿ ನಾನೇ ಬೆಲ್ಟು ಕಟ್ಟಿಕೊಂಡು ಕೂತೆ.